ಕೊಳವೆಯ ನಾಡಿ ಹಿಡಿಯುವ ಇಕ್ಕಳ

ರಸ್ತೆಯಡಿಯ ಉಕ್ಕಿನ ಕೊಳವೆ ಒಡೆದು ನೀರು ಚಿಮ್ಮಿದಾಗ ನಾವು ತುಕ್ಕನ್ನು ಶಪಿಸುತ್ತೇವೆ. ಆ ತುಕ್ಕಿನ ಹಿಂದೆ ಕೆಲವೊಮ್ಮೆ ದಾರಿ ತಪ್ಪಿದ ವಿದ್ಯುತ್ತು ಇರುತ್ತದೆಂಬುದು ಗಮನಕ್ಕೆ ಬರುವುದಿಲ್ಲ. ಬೆಂಗಳೂರಿನ ಮೆಟ್ರೊ 750 ವೋಲ್ಟ್ ನೇರ ವಿದ್ಯುತ್ತಿನಿಂದ ಓಡುತ್ತದೆ. ಇಂಥ ವ್ಯವಸ್ಥೆಗಳಲ್ಲಿ ಹಳಿಯ ಮೂಲಕ ಹಿಂದಿರುಗಬೇಕಾದ ಪ್ರವಾಹದ ಒಂದಂಶ ಮಣ್ಣಿಗಿಳಿದು, ಸಮೀಪದ ಕೊಳವೆಯನ್ನೇ ಹಾದಿ ಮಾಡಿಕೊಳ್ಳುವ ಸಂಭವವುಂಟು. ಅದು ಕೊಳವೆಯನ್ನು ಬಿಟ್ಟು ಹೊರಬೀಳುವ ಜಾಗದಲ್ಲಿ ಲೋಹ ಕರಗುತ್ತದೆ. ಒಂದೇ ಆಂಪಿಯರ್ ವರ್ಷವಿಡೀ ಹಾಗೆ ಹೊರಬಿದ್ದರೆ ಸುಮಾರು 9 ಕಿಲೋ ಕಬ್ಬಿಣ ಹೋಯಿತೆಂದೇ ಲೆಕ್ಕ.

ಎಲೆಕ್ಟ್ರಿಷಿಯನ್ನರ ಸಾಮಾನ್ಯ ಕ್ಲಾಂಪ್ ಮೀಟರು ಇಲ್ಲಿ ನಿರುಪಯುಕ್ತ. ಟ್ರಾನ್ಸ್‌ಫಾರ್ಮರಿನಂತೆ ಅದು ಬದಲಾಗುವ ಕಾಂತಕ್ಷೇತ್ರವನ್ನಷ್ಟೇ ಅರಿಯಬಲ್ಲದು. ನೇರ ಪ್ರವಾಹದ ಕ್ಷೇತ್ರವೋ ಅಲುಗದು. ಅದನ್ನು ಗುರುತಿಸಲು ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ತೆಳು ಹಾಳೆಯಲ್ಲಿ ಕಂಡ ಪರಿಣಾಮವನ್ನೋ, ಫ್ಲಕ್ಸ್‌ಗೇಟ್ ತಂತ್ರವನ್ನೋ ಆಶ್ರಯಿಸಬೇಕು. ಕೊಳವೆಯನ್ನು ಕತ್ತರಿಸಬೇಕಿಲ್ಲ, ಸುತ್ತ ತೊಡಿಸಿದರೆ ಸಾಕು.

ಆದರೆ ಈ ಉಪಕರಣವೂ ಸುಳ್ಳಾಡುತ್ತದೆ. ವೃತ್ತಿಯ ಆರಂಭದಲ್ಲೊಮ್ಮೆ ನಾನು ಅದು ತೋರಿದ ಎರಡು ಆಂಪಿಯರನ್ನು ನಂಬಿ ರಸ್ತೆ ಅಗೆಸಲು ಹೊರಟಿದ್ದೆ. ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು, "ಒಂದ್ಸಲ ತಿರುಗಿಸಿ ಹಾಕಿ ನೋಡಿ, ಸಾರ್" ಎಂದರು. ತಿರುಗಿಸಿದಾಗ ಧನ ಋಣವಾಗಬೇಕಿತ್ತು. ಆಗಲಿಲ್ಲ, ಅದೇ ಎರಡು, ಅದೇ ಚಿಹ್ನೆ. ಉಪಕರಣದ ತಿರುಳಿನಲ್ಲಿ ಉಳಿದಿದ್ದ ಕಾಂತತ್ವವನ್ನೇ ನಾನು ಅಳೆದಿದ್ದೆ! ದೂರ ಹಿಡಿದು ಸೊನ್ನೆಗೆ ಹೊಂದಿಸಿ ಮತ್ತೆ ತೊಡಿಸಿದರೆ, ಕೊಳವೆಯಲ್ಲಿ ಹೇಳಿಕೊಳ್ಳುವಷ್ಟು ಪ್ರವಾಹವೇ ಇರಲಿಲ್ಲ. ಅಂದಿನಿಂದ, ವರದಿಯಲ್ಲಿ ಒಂದೇ ಅಂಕಿಯಿದ್ದರೆ ತಿರುಗಿಸಿ ಅಳೆದದ್ದೆಲ್ಲಿ ಎಂದು ಕೇಳುತ್ತೇನೆ. ಕಿರಿಯರಿಗೆ ಅದು ಮುದುಕನ ಕಿರಿಕಿರಿ.