ಯಂತ್ರ ಅಗ್ಗ, ಶಾಯಿ ದುಬಾರಿ
ಮನೆಯಲ್ಲಿ ಕನ್ನಡ ಅಚ್ಚು ಹಾಕುವವರಿಗೆ ಒಂದು ಲೆಕ್ಕ

ತಿರುನೆಲ್ಲಿ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಬ್ರಹ್ಮಗಿರಿಯ ತಪ್ಪಲಿನ ಮಹಾವಿಷ್ಣು ದೇವಾಲಯ, ಪಾಪನಾಶಿನಿಯ ತೀರ್ಥ, ಕಲ್ಲುಕಂಬಗಳ ಮೇಲೆ ನಿಂತ ನೀರಿನ ಕಲ್ಲುದೋಣಿ. ಇತಿಹಾಸ ಬಲ್ಲವರು ಇನ್ನೊಂದನ್ನೂ ನೆನೆಯುತ್ತಾರೆ. ಅದು ಚೇರ ಅರಸ ಭಾಸ್ಕರ ರವಿವರ್ಮನ ಕಾಲದ ತಿರುನೆಲ್ಲಿ ತಾಮ್ರಶಾಸನ. ಸುಮಾರು ಸಾವಿರ ವರ್ಷಗಳ ಹಿಂದೆ ಕೊರೆದ ಆ ಅಕ್ಷರಗಳಿಗೆ ಒಂದು ತೊಟ್ಟು ಶಾಯಿಯೂ ಬೇಕಾಗಿರಲಿಲ್ಲ. ಇಂದು ನಮ್ಮ ಮಕ್ಕಳಿಗೆ ಒಂದು ಪುಟ ಕನ್ನಡ ಪಾಠ ಅಚ್ಚಾಗಿ ಸಿಗಬೇಕಾದರೆ ಶಾಯಿ ಬೇಕು. ಮನೆಗೆ ತಂದ ಪ್ರಿಂಟರ್ ಆರು ತಿಂಗಳೊಳಗೆ ಮೂಲೆ ಸೇರುವುದಕ್ಕೆ ಹೆಚ್ಚಿನ ಮನೆಗಳಲ್ಲಿ ಕಾರಣವೂ ಈ ಶಾಯಿಯೇ.

ಮನೆಯಲ್ಲಿ ಪ್ರಿಂಟರ್ ಇಟ್ಟುಕೊಳ್ಳುವುದು ಶೋಕಿಯಲ್ಲವೇ ಎಂದು ಕೇಳುವವರಿದ್ದಾರೆ. ಬೇಕಾದ ಪುಸ್ತಕವೆಲ್ಲ ಪೇಟೆಯಲ್ಲಿ ಸಿಗುವ ಮನೆಯವರಿಗೆ ಅದು ಶೋಕಿಯಾಗಿರಬಹುದು. ನಮ್ಮ ಮಾತು ಬೇರೆ. ತಿರುನೆಲ್ಲಿ ಪಂಚಾಯತು ಕರ್ನಾಟಕಕ್ಕೆ ತಾಗಿಕೊಂಡ ನೆಲ. ತೋಲ್ಪೆಟ್ಟಿ ದಾಟಿದರೆ ಕೊಡಗಿನ ಕುಟ್ಟ, ಬಾವಲಿ ದಾಟಿದರೆ ಹೆಗ್ಗಡದೇವನಕೋಟೆ ತಾಲೂಕು. ಈ ಕಾಡಿನ ಅಂಚಿನ ಕಾಟ್ಟುನಾಯಕರ ಮಾತಿಗೂ ಕನ್ನಡಕ್ಕೂ ಹತ್ತಿರದ ನಂಟು. ಆದರೆ ಗಡಿ ಹತ್ತಿರವಾದ ಮಾತ್ರಕ್ಕೆ ಕನ್ನಡದ ಅಚ್ಚು ಹತ್ತಿರವಾಗುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಶಾಲೆಗಳುಂಟು, ಕನ್ನಡ ಪತ್ರಿಕೆಗಳುಂಟು. ವಯನಾಡಿನ ಕನ್ನಡ ಮನೆಗಳಿಗೆ ಅಷ್ಟು ಆಸರೆ ಇಲ್ಲ. ಅಂತರ್ಜಾಲದಲ್ಲಿ ಕರ್ನಾಟಕದ ಪಠ್ಯಪುಸ್ತಕಗಳು ಉಚಿತವಾಗಿ ದೊರೆಯುತ್ತವೆ ನಿಜ. ಆದರೆ ಅಕ್ಷರ ತಿದ್ದುವ ಮಗುವಿಗೆ ಫೋನಿನ ಪರದೆ ಸಾಲದು, ಕಾಗದವೇ ಬೇಕು. ಆದುದರಿಂದ ಶಾಯಿ ಉಳಿಸುವುದೆಂದರೆ ನಮಗೆ ಬರಿಯ ಕಾಸು ಉಳಿಸುವ ಮಾತಲ್ಲ; ಶಾಯಿ ತೀರಿದ ದಿನ ಮನೆಯಲ್ಲಿ ಕನ್ನಡದ ಪುಟವೂ ನಿಲ್ಲುತ್ತದೆ.

ಕೊಳ್ಳುವ ಮೊದಲು ಪುಟದ ಲೆಕ್ಕ

ಅಂಗಡಿಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆ “ಯಂತ್ರಕ್ಕೆ ಎಷ್ಟು?” ಎಂದು. ಕೇಳಬೇಕಾದುದು “ಪುಟಕ್ಕೆ ಎಷ್ಟು?” ಎಂದು. ಯಂತ್ರವನ್ನು ಅಗ್ಗವಾಗಿ ಕೊಟ್ಟು ಶಾಯಿಯಲ್ಲಿ ಲಾಭ ಮಾಡುವುದು ಈ ವ್ಯಾಪಾರದ ಹಳೆಯ ಪದ್ಧತಿ. ಕಾರ್ಟ್ರಿಜ್ ಎಷ್ಟು ಪುಟ ಬರುತ್ತದೆಂದು ಕಂಪೆನಿಗಳು ಪ್ರಕಟಿಸುತ್ತವೆ. ಬಣ್ಣದ ಇಂಕ್‌ಜೆಟ್ ಯಂತ್ರಗಳಿಗೆ ಐಎಸ್‌ಒ 24711 ಎಂಬ ಅಂತರರಾಷ್ಟ್ರೀಯ ಅಳತೆ ಉಂಟು. ಕಾರ್ಟ್ರಿಜ್‌ನ ಬೆಲೆಯನ್ನು ಆ ಪುಟಗಳ ಸಂಖ್ಯೆಯಿಂದ ಭಾಗಿಸಿದರೆ ಪುಟದ ಬೆಲೆ ಸಿಗುತ್ತದೆ.

ಉದಾಹರಣೆಗೆ, 120 ಪುಟದ ಸಣ್ಣ ಕಪ್ಪು ಕಾರ್ಟ್ರಿಜ್‌ಗೆ 900 ರೂಪಾಯಿ ಎಂದಿಟ್ಟುಕೊಳ್ಳೋಣ. ಪುಟಕ್ಕೆ 7 ರೂಪಾಯಿ 50 ಪೈಸೆ ಆಯಿತು. ಇನ್ನೊಂದು ಕಡೆ ಟ್ಯಾಂಕಿಗೆ ಬಾಟಲಿಯಿಂದ ಶಾಯಿ ಸುರಿಯುವ ಯಂತ್ರ. 4,500 ಪುಟದ ಒಂದು ಬಾಟಲಿಗೆ 450 ರೂಪಾಯಿ ಎಂದಾದರೆ ಪುಟಕ್ಕೆ ಬರಿಯ 10 ಪೈಸೆ. ವ್ಯತ್ಯಾಸ 7 ರೂಪಾಯಿ 40 ಪೈಸೆ.

ಹಾಗೆಂದು ಎಲ್ಲರೂ ಟ್ಯಾಂಕಿನ ಯಂತ್ರವನ್ನೇ ತರಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಮೊದಲಿಗೆ ಹೆಚ್ಚು ಹಣ ತೆರಬೇಕು. ಆ ಹೆಚ್ಚಿನ ಮೊತ್ತ 7,400 ರೂಪಾಯಿ ಎಂದಾದರೆ ಸಾವಿರ ಪುಟ ಅಚ್ಚಾದ ಮೇಲೆ ಅದು ತೀರುತ್ತದೆ. ತಿಂಗಳಿಗೆ 100 ಪುಟ ಬೇಕಾದ ಮನೆಗೆ ಇದು ಹತ್ತು ತಿಂಗಳ ಮಾತು. 30 ಪುಟ ಸಾಕೆನ್ನುವವರಿಗೆ ಎರಡೂಮುಕ್ಕಾಲು ವರ್ಷ. ತಿಂಗಳಿಗೆ ಹತ್ತೇ ಪುಟವಾದರೆ ಎಂಟು ವರ್ಷಕ್ಕೂ ಮೇಲೆ; ಅಷ್ಟರಲ್ಲಿ ಯಂತ್ರವೇ ಕೆಟ್ಟೀತು. ಅಂಥವರು ಪ್ರಿಂಟರಿನ ಗೊಡವೆಗೆ ಹೋಗದೆ ಅಕ್ಷಯ ಕೇಂದ್ರದಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಅಚ್ಚು ಹಾಕಿಸುವುದೇ ಲೇಸು. ನಾವು ಹೇಳಿದ ಬೆಲೆಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ. ನಿಮ್ಮ ಅಂಗಡಿಯ ಬೆಲೆಯನ್ನು ಅಲ್ಲಿಟ್ಟು ನೋಡಿರಿ.

ಬರಿಯ ಕಪ್ಪು ಅಕ್ಷರ ಸಾಕೆನ್ನುವವರು ಲೇಸರ್ ಯಂತ್ರವನ್ನೂ ಯೋಚಿಸಬಹುದು. ಅದರಲ್ಲಿ ಇರುವುದು ಶಾಯಿಯಲ್ಲ, ಟೋನರ್ ಎಂಬ ಪುಡಿ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಒಣಗುವುದಿಲ್ಲ. ಆದರೆ ಆ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಯಂತ್ರ ಕಾಯಬೇಕು; ಆಗ ಕರೆಂಟನ್ನು ಜೋರಾಗಿ ಎಳೆಯುತ್ತದೆ. ಮನೆಯ ಸಣ್ಣ ಇನ್‌ವರ್ಟರಿಗೆ ಅದನ್ನು ಜೋಡಿಸಬಾರದು.

ಕಾಗದಕ್ಕೆ ಬೀಳದೆ ಹೋಗುವ ಶಾಯಿ

ಕೊಂಡ ಶಾಯಿಯೆಲ್ಲ ಅಕ್ಷರವಾಗುವುದಿಲ್ಲ. ಇಂಕ್‌ಜೆಟ್ ಯಂತ್ರದ ಶಾಯಿ ಕೂದಲೆಳೆಗಿಂತ ಸಣ್ಣ ರಂಧ್ರಗಳಿಂದ ಹನಿಹನಿಯಾಗಿ ಚಿಮ್ಮುತ್ತದೆ. ಬಳಕೆ ಇಲ್ಲದಿದ್ದರೆ ಆ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಯಂತ್ರ ತಾನೇ ಒಂದಷ್ಟು ಶಾಯಿಯನ್ನು ಎಳೆದು ಒಳಗಿನ ಹೀರುಬಟ್ಟೆಗೆ ಚೆಲ್ಲುತ್ತದೆ. ಅಪರೂಪಕ್ಕೆ ಅಚ್ಚು ಹಾಕುವ ಮನೆಯಲ್ಲಿ ಹೀಗೆ ಪೋಲಾಗುವ ಶಾಯಿ ಕಡಿಮೆಯದಲ್ಲ. ಆದುದರಿಂದ:

ಒಂದು. ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣ ಇರುವ ಒಂದು ಸಣ್ಣ ಪುಟವನ್ನು ಅಚ್ಚು ಹಾಕಿರಿ. ಮಗುವಿನ ಕನ್ನಡ ಕಾಗುಣಿತದ ಹಾಳೆಯೇ ಆಗಲಿ. ಶಾಯಿಯೂ ಹರಿಯುತ್ತದೆ, ಪಾಠವೂ ಆಗುತ್ತದೆ.

ಎರಡು. ಯಂತ್ರವನ್ನು ಅದರ ಗುಂಡಿಯಿಂದಲೇ ಆರಿಸಿರಿ, ಗೋಡೆಯ ಸ್ವಿಚ್ಚಿನಿಂದಲ್ಲ. ಗುಂಡಿ ಒತ್ತಿದರೆ ಶಾಯಿಯ ತಲೆ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಸ್ವಿಚ್ಚು ತೆಗೆದರೆ ಅದು ತೆರೆದ ಬಾಯಲ್ಲೇ ನಿಂತು ಒಣಗಬಹುದು.

ಮೂರು. ಅಕ್ಷರದಲ್ಲಿ ಗೆರೆ ಬಿಟ್ಟಿತೆಂದು ಕೂಡಲೇ ಶುಚಿ ಮಾಡುವ ಆಜ್ಞೆ ಕೊಡಬೇಡಿರಿ. ಮೊದಲು ಪರೀಕ್ಷಾ ಪುಟ ತೆಗೆದು ನೋಡಿರಿ. ಬೇಕೆಂದು ಕಂಡರೆ ಎರಡು ಸಲ ಶುಚಿ ಮಾಡಿ, ಸರಿಯಾಗದಿದ್ದರೆ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿರಿ. ಮೇಲಿಂದ ಮೇಲೆ ಮಾಡಿದರೆ ಟ್ಯಾಂಕು ಬರಿದಾಗುವುದೇ ಹೊರತು ಗುಣವಿಲ್ಲ.

ನಾಲ್ಕು. ಕಪ್ಪು ಅಕ್ಷರದ ಪುಟಕ್ಕೂ ಕೆಲವು ಯಂತ್ರಗಳು ಬಣ್ಣದ ಶಾಯಿಗಳನ್ನು ಬೆರೆಸುತ್ತವೆ. ಕಪ್ಪು ಶಾಯಿ ಮಾತ್ರ ಎಂಬ ಆಯ್ಕೆ ಇದ್ದಲ್ಲಿ ಅದನ್ನು ಮೊದಲೇ ಹೊಂದಿಸಿಡಿರಿ.

ದನವೂ ಧನವೂ

ಅಕ್ಷರದ ರೂಪ ಬದಲಿಸಿ ಶಾಯಿ ಉಳಿಸುವ ಉಪಾಯವೊಂದು ಅಮೆರಿಕದಲ್ಲಿ ಸುದ್ದಿಯಾಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಗ್ರೀನ್ ಬೇ ಕೇಂದ್ರ 2010ರಲ್ಲಿ ತನ್ನ ಈ-ಮೇಲಿನ ಏರಿಯಲ್ ಅಕ್ಷರವನ್ನು ಬಿಟ್ಟು ಸೆಂಚುರಿ ಗೋಥಿಕ್ ಎಂಬ ತೆಳುಗೆರೆಯ ಅಕ್ಷರವನ್ನು ಹಿಡಿಯಿತು. ಅಚ್ಚು ಹಾಕುವಾಗ ಸುಮಾರು ಶೇಕಡಾ 30ರಷ್ಟು ಶಾಯಿ ಕಡಿಮೆ ಸಾಕೆಂಬುದು ಅಲ್ಲಿಯವರ ಲೆಕ್ಕ. 2014ರಲ್ಲಿ ಶಾಲಾ ಬಾಲಕನೊಬ್ಬ ಗ್ಯಾರಮಂಡ್ ಅಕ್ಷರದಿಂದ ಸರಕಾರಕ್ಕೇ ಕೋಟ್ಯಂತರ ಉಳಿತಾಯವೆಂದು ತೋರಿಸಿದಾಗ ಅಕ್ಷರ ಬಲ್ಲವರು ಒಂದು ಮಾತು ಹೇಳಿದರು: ಗ್ಯಾರಮಂಡ್ ಅಕ್ಷರ ಮೊದಲೇ ಗಾತ್ರದಲ್ಲಿ ಸಣ್ಣದು, ಸಣ್ಣ ಅಕ್ಷರಕ್ಕೆ ಶಾಯಿ ಕಡಿಮೆಯಾಗುವುದರಲ್ಲಿ ಆಶ್ಚರ್ಯವೇನು?

ಈ ಮಾತು ಕನ್ನಡಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಇಂಗ್ಲಿಷಿನಂತೆ ನಮ್ಮ ಅಕ್ಷರವನ್ನು ಕುಗ್ಗಿಸಲಾಗದು. ಕೆಳಗೆ ಒತ್ತು, ಮೇಲೆ ಗುಣಿತ, ಹೊಟ್ಟೆಯೊಳಗೆ ಗೆರೆ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಶಾಯಿ ಉಳಿಸುವ ಡ್ರಾಫ್ಟ್ ಅಚ್ಚಿನಲ್ಲಿ ಆ ಸೀಳು ಮಸುಕಾದರೆ ಧನಸಹಾಯ ಬೇಡಿದ ಅರ್ಜಿ ದನಸಹಾಯ ಬೇಡಿದಂತಾದೀತು! ಒಂದು ಹಾಳೆಯಲ್ಲಿ ಎರಡು ಪುಟ ಹಾಕಿದರೆ ಶಾಯಿ ಸುಮಾರು ಅರ್ಧಕ್ಕೆ ಇಳಿಯುವುದು ನಿಜ. ಆದರೆ 12 ಅಂಕದ ಅಕ್ಷರ ಎಂಟೂವರೆಗೆ ಕುಗ್ಗುತ್ತದೆ. ಅಜ್ಜನ ಕನ್ನಡಕಕ್ಕೂ ಅದು ಸಾಲದು, ಒಂದನೆಯ ತರಗತಿಯ ಮಗುವಿಗಂತೂ ಬೇಡವೇ ಬೇಡ.

ಹಾಗಾದರೆ ಕನ್ನಡದಲ್ಲಿ ಉಳಿತಾಯದ ದಾರಿ ಯಾವುದು? ಗಾತ್ರವನ್ನು ಹಾಗೆಯೇ ಬಿಟ್ಟು ದಪ್ಪವನ್ನು ಇಳಿಸುವುದು. ನೋಟೋ ಸಾನ್ಸ್ ಕನ್ನಡ ಅಕ್ಷರ ಉಚಿತವಾಗಿ ಸಿಗುತ್ತದೆ, ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಲ್ಲಿ. ಪಾಠಕ್ಕೂ ಪತ್ರಕ್ಕೂ ತೆಳುವಾದುದೇ ಸಾಕು. ತಲೆಬರಹವನ್ನು ಕಪ್ಪಾಗಿ ತುಂಬಿಸುವ ಬದಲು ಕೆಳಗೊಂದು ಗೆರೆ ಎಳೆದರಾಯಿತು. ಹಿನ್ನೆಲೆಯ ಬಣ್ಣ, ಪುಟದಂಚಿನ ಚಿತ್ತಾರಗಳನ್ನು ತೆಗೆದುಬಿಡಿರಿ. ಡ್ರಾಫ್ಟ್ ಅಚ್ಚು ದೊಡ್ಡವರು ಓದಿ ಎಸೆಯುವ ಕಾಗದಕ್ಕಿರಲಿ. ಅರ್ಜಿಗೂ ಮಕ್ಕಳ ಹಾಳೆಗೂ ಬೇಡ.

ಹೊರಗೆ ಅಚ್ಚು ಹಾಕಿಸುವವರಿಗೆ ಇನ್ನೊಂದು ಎಚ್ಚರಿಕೆ. ಮಲಯಾಳ ಪೇಟೆಯ ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ, ಬರಹಗಳ ಹಳೆಯ ಅಕ್ಷರಗಳು ಇರುವ ಸಂಭವ ಕಡಿಮೆ. ಅವುಗಳಲ್ಲಿ ಟೈಪು ಮಾಡಿದ ಕಡತವನ್ನು ಹಾಗೆಯೇ ಒಯ್ದರೆ ಅಲ್ಲಿ ಕಾಣುವುದು ಅರ್ಥವಿಲ್ಲದ ಗುರುತುಗಳು. ಅದನ್ನೇ ಅಚ್ಚು ಹಾಕಿ ಕೊಟ್ಟರೂ ಕಾಸು ಕೊಡಲೇಬೇಕು. ಯೂನಿಕೋಡಿನಲ್ಲಿ ಟೈಪು ಮಾಡಿ, ಪಿಡಿಎಫ್ ಮಾಡಿ ಒಯ್ದರೆ ಎಲ್ಲಿಯೂ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಬೇರೆಯವರ ಶಾಯಿ, ಮಳೆಯ ನೀರು

ಕಂಪೆನಿಯದಲ್ಲದ ಅಗ್ಗದ ಶಾಯಿ ತುಂಬಿಸಬಹುದೇ? ತುಂಬಿಸುವವರು ಬಹಳ ಮಂದಿ ಇದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟು 2017ರ ಮೇ ತಿಂಗಳಲ್ಲಿ ಲೆಕ್ಸ್‌ಮಾರ್ಕ್ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್‌ನ ಮೇಲೆ ಕಂಪೆನಿ ಪೇಟೆಂಟ್ ಹಕ್ಕು ಸಾಧಿಸುವಂತಿಲ್ಲ ಎಂದಿತು. ಆದರೆ ಕಾನೂನು ಬಿಟ್ಟರೂ ಯಂತ್ರ ಬಿಡಬೇಕಲ್ಲ! 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿ ಕಂಪೆನಿಯ ಕೆಲವು ಪ್ರಿಂಟರುಗಳು ಇದ್ದಕ್ಕಿದ್ದಂತೆ ಬೇರೆಯವರ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸಿದವು. ಗ್ರಾಹಕರು ಗಲಾಟೆ ಮಾಡಿದ ಬಳಿಕ ಆ ತಡೆಯನ್ನು ತೆಗೆಯುವ ತಂತ್ರಾಂಶವನ್ನು ಕಂಪೆನಿ ಒದಗಿಸಿತು. ಟ್ಯಾಂಕಿನ ಯಂತ್ರವಿದ್ದವರಿಗೆ ಕಂಪೆನಿಯ ಬಾಟಲಿಯೇ ಸಾಕಷ್ಟು ಅಗ್ಗ; ಪುಟಕ್ಕೆ ಐದು ಪೈಸೆಯ ಆಸೆಗೆ ಯಂತ್ರದ ತಲೆ ಕೆಡಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಶಾಯಿಯಲ್ಲೂ ಎರಡು ಜಾತಿ. ಡೈ ಶಾಯಿ ನೀರಿನಲ್ಲಿ ಕರಗಿದ ಬಣ್ಣ, ಹನಿ ಬಿದ್ದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಕಣಗಳು ಕಾಗದದ ಮೇಲೆ ಕೂರುತ್ತವೆ, ನೀರಿಗೆ ಅಷ್ಟು ಬೇಗ ಬಿಡುವುದಿಲ್ಲ. ಕರ್ಕಾಟಕದ ಮಳೆಯಲ್ಲಿ ತಿರುನೆಲ್ಲಿಯಿಂದ ಸುಮಾರು 30 ಕಿಲೋಮೀಟರ್ ದೂರದ ಮಾನಂತವಾಡಿಗೆ ಬಸ್ಸಿನಲ್ಲಿ ಅರ್ಜಿ ಒಯ್ಯಬೇಕಾದವರು ಕಪ್ಪು ಶಾಯಿ ಯಾವ ಜಾತಿಯದೆಂದು ಕೊಳ್ಳುವಾಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಚೇರಿಯ ಬಾಗಿಲಿಗೆ ಬಂದಾಗ ಅಕ್ಷರ ಅಳಿಸಿದ್ದರೆ ಶಾಯಿಯ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು.

ಕೂಡಿ ಬಳಸಿದರೆ

ಅಚ್ಚು ಹಾಕದೆ ಇರುವುದೇ ಎಲ್ಲಕ್ಕಿಂತ ದೊಡ್ಡ ಉಳಿತಾಯ. 2015ರಿಂದ ಡಿಜಿಲಾಕರ್ ಬಳಕೆಯಲ್ಲಿದೆ. ಫೋನಿನಲ್ಲಿ ತೋರಿಸಿದರೆ ಸಾಕಾಗುವ ದಾಖಲೆಗೆ ಶಾಯಿ ಚೆಲ್ಲುವುದೇಕೆ? ಉಳಿದ ಶಾಯಿ ಮಗುವಿನ ಪಾಠಕ್ಕಾದೀತು.

ಇನ್ನು ತಿಂಗಳಿಗೆ ಹತ್ತು ಪುಟದ ಮನೆ. ಅಂಥ ಒಂದೇ ಮನೆಗೆ ಟ್ಯಾಂಕಿನ ಯಂತ್ರ ನಷ್ಟ. ಆದರೆ ಅಂಥ ಹತ್ತು ಮನೆಗಳು ಕೂಡಿದರೆ ತಿಂಗಳಿಗೆ ನೂರು ಪುಟ. ಹತ್ತು ತಿಂಗಳಲ್ಲಿ ಹೆಚ್ಚಿಗೆ ಕೊಟ್ಟ ಹಣ ತೀರುತ್ತದೆ. ದಿನಾ ಯಾರಾದರೊಬ್ಬರು ಅಚ್ಚು ಹಾಕುವುದರಿಂದ ಶಾಯಿ ಒಣಗುವ ಭಯವೂ ಇಲ್ಲ. ಯಂತ್ರವನ್ನು ಊರಿನ ವಾಚನಾಲಯದಲ್ಲೋ ಒಬ್ಬರ ಜಗಲಿಯಲ್ಲೋ ಇಡಬಹುದು. ಪಕ್ಕದಲ್ಲಿ ಒಂದು ನೋಟುಪುಸ್ತಕ. ಪುಟಕ್ಕೆ ಇಷ್ಟೆಂದು ಬರೆದು ಡಬ್ಬಿಗೆ ಹಾಕಿದರೆ ಮುಂದಿನ ಬಾಟಲಿಗೆ ಹಣವಾಗುತ್ತದೆ.

ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು ಚದುರಿರುವ ಊರಿನಲ್ಲಿ ಹತ್ತು ಮನೆಯವರು ಒಂದು ಕೆಲಸಕ್ಕೆ ಕೂಡುವುದೇ ಕಷ್ಟ ಎಂಬುದನ್ನು ನಾವು ಬಲ್ಲೆವು. ಆದರೂ ಮಕ್ಕಳ ಪಾಠದ ಹಾಳೆಗಳನ್ನು ಹಂಚಿಕೊಳ್ಳಲಾದರೂ ಈ ಮನೆಗಳು ಕೂಡಲಿ. ಮುಂದಿನ ಶಾಲಾ ವರ್ಷ ಆರಂಭವಾಗುವ ಮೊದಲೇ ನೆರೆಯ ಎರಡು ಮೂರು ಮನೆಯವರನ್ನು ಕೇಳಿ ನೋಡಿರಿ.