ಬ್ರಿಸ್ಟಲ್ ನಗರದ ಕಾವ್ಯಪರಂಪರೆ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಏವನ್ ನದಿಯ ದಡದಲ್ಲಿರುವ ಬ್ರಿಸ್ಟಲ್ ನಗರವನ್ನು ನಮ್ಮಲ್ಲಿ ಹಲವರು ಬಲ್ಲುದು ರಾಜಾ ರಾಮಮೋಹನ ರಾಯರ ಹೆಸರಿನಿಂದ. 1833ನೆಯ ಇಸವಿಯ ಸೆಪ್ಟೆಂಬರ್ 27ರಂದು ಅವರು ದೇಹವಿಟ್ಟುದು ಈ ನಗರದ ಬಳಿಯ ಸ್ಟೇಪಲ್‌ಟನ್ನಿನಲ್ಲಿ. ದ್ವಾರಕಾನಾಥ ಠಾಕೂರರು ಕಟ್ಟಿಸಿದ ಅವರ ಸಮಾಧಿಮಂಟಪವು ಆರ್ನೋಸ್ ವೇಲ್ ಶ್ಮಶಾನಭೂಮಿಯಲ್ಲಿ ಇಂದಿಗೂ ಇದೆ. ಆದರೆ ಸಾಹಿತ್ಯಾಭ್ಯಾಸಿಗೆ ಈ ಊರು ಇನ್ನೊಂದು ಕಾರಣಕ್ಕಾಗಿಯೂ ಮುಖ್ಯವಾದುದು. ಇಂಗ್ಲಿಷ್ ಕಾವ್ಯಕ್ಕೆ ಹೊಸ ದಾರಿ ತೋರಿದ ಪುಸ್ತಕವೊಂದು ಅಚ್ಚಾದುದು ಇಲ್ಲಿಯೇ. ರಾಜಧಾನಿಯೂ ಅಲ್ಲದ, ಆಗ ವಿಶ್ವವಿದ್ಯಾನಿಲಯವೂ ಇಲ್ಲದ ಒಂದು ವ್ಯಾಪಾರದ ಬಂದರಿನಲ್ಲಿ ಕಾವ್ಯವು ಹೇಗೆ ಬೇರೂರಿತೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇನೆ.

18ನೆಯ ಶತಮಾನದ ಬ್ರಿಸ್ಟಲ್ ಸಿರಿವಂತ ಪಟ್ಟಣ. ಆ ಸಿರಿಯ ಬಹುಭಾಗ ಬಂದುದು ಗುಲಾಮರ ವ್ಯಾಪಾರದಿಂದ. ಇಲ್ಲಿಂದ ಹೊರಟ ಹಡಗುಗಳು ಆಫ್ರಿಕದ ಕರಾವಳಿಯಲ್ಲಿ ಮನುಷ್ಯರನ್ನು ತುಂಬಿಕೊಂಡು ವೆಸ್ಟ್ ಇಂಡೀಸಿಗೆ ಒಯ್ದು ಮಾರುತ್ತಿದ್ದುವು. ಅಲ್ಲಿಂದ ಸಕ್ಕರೆಯನ್ನು ಹೇರಿಕೊಂಡು ಮರಳುತ್ತಿದ್ದುವು. ಆ ವ್ಯಾಪಾರದಲ್ಲಿ ಪಾಲುಗಾರನಾಗಿದ್ದ ಎಡ್ವರ್ಡ್ ಕೋಲ್‌ಸ್ಟನ್ ಎಂಬ ವರ್ತಕನು ತನ್ನ ಊರಿನಲ್ಲಿ ಬಡ ಹುಡುಗರಿಗಾಗಿ ಧರ್ಮಾರ್ಥ ಶಾಲೆಯೊಂದನ್ನು ಸ್ಥಾಪಿಸಿದನು. ಇವನಿಗಾಗಿ ನಗರದಲ್ಲಿ ನಿಲ್ಲಿಸಿದ್ದ ಕಂಚಿನ ಪ್ರತಿಮೆಯನ್ನು 2020ರ ಜೂನ್ 7ರಂದು ಪ್ರತಿಭಟನಕಾರರು ಕೆಡವಿ ಬಂದರಿನ ನೀರಿಗೆ ತಳ್ಳಿದರು. ಆತನ ಶಾಲೆಯಲ್ಲಿ ಕಲಿತವರಲ್ಲಿ ಒಬ್ಬನು ಥಾಮಸ್ ಚಾಟರ್ಟನ್.

ಚಾಟರ್ಟನ್ ಹುಟ್ಟಿದುದು 1752ರಲ್ಲಿ. ಶಾಲಾಮಾಸ್ತರನಾಗಿದ್ದ ತಂದೆ ಮಗನು ಹುಟ್ಟುವ ಮೊದಲೇ ತೀರಿಕೊಂಡಿದ್ದನು. ತಾಯಿ ಹೊಲಿಗೆಯಿಂದ ಸಂಸಾರ ಸಾಗಿಸುತ್ತಿದ್ದಳು. ಮನೆಯ ಹತ್ತಿರದಲ್ಲೇ ಸೇಂಟ್ ಮೇರಿ ರೆಡ್‌ಕ್ಲಿಫ್ ಎಂಬ ಭವ್ಯವಾದ ಇಗರ್ಜಿಯಿತ್ತು. ಅದರ ಉತ್ತರದ ಮುಖಮಂಟಪದ ಮೇಲಣ ಕೋಣೆಯಲ್ಲಿ ಹಳೆಯ ಚರ್ಮಪತ್ರಗಳು ತುಂಬಿದ ಪೆಟ್ಟಿಗೆಗಳಿದ್ದುವು. ಯಾರಿಗೂ ಬೇಡವಾಗಿದ್ದ ಆ ಪತ್ರಗಳಲ್ಲಿ ಕೆಲವನ್ನು ತಂದೆಯು ಹಿಂದೆಯೇ ಮನೆಗೆ ತಂದಿದ್ದನು. ಓದಿನಲ್ಲಿ ಮಂದನೆಂದು ಎಣಿಸಲ್ಪಟ್ಟಿದ್ದ ಹುಡುಗನು ಹಳೆಯ ಹೊತ್ತಗೆಯೊಂದರ ಚಿತ್ರಾಕ್ಷರಗಳಿಗೆ ಮನಸೋತು ಓದಲು ಕಲಿತನು. ಮುಂದೆ ಆ ಚರ್ಮಪತ್ರಗಳೇ ಅವನ ಪ್ರಪಂಚವಾದುವು. ಹದಿನೈದು ತುಂಬುವ ಮೊದಲೇ ಅವನನ್ನು ವಕೀಲನೊಬ್ಬನ ಕಚೇರಿಯಲ್ಲಿ ನಕಲು ಬರೆಯುವ ಕೆಲಸಕ್ಕೆ ಸೇರಿಸಿದರು.

ಅಲ್ಲಿ ಬಿಡುವಿನಲ್ಲಿ ಅವನು ಮಾಡಿದ ಕೆಲಸ ಇಂದಿಗೂ ಅಚ್ಚರಿ ತರುವಂಥದು. 15ನೆಯ ಶತಮಾನದಲ್ಲಿ ಬ್ರಿಸ್ಟಲಿನಲ್ಲಿ ಥಾಮಸ್ ರೌಲಿ ಎಂಬ ಸನ್ಯಾಸಿಕವಿ ಇದ್ದನೆಂದು ಕಲ್ಪಿಸಿ, ಅವನ ಹೆಸರಿನಲ್ಲಿ ಹಳೆಯ ಇಂಗ್ಲಿಷಿನ ಮಾದರಿಯಲ್ಲಿ ತಾನೇ ಕವಿತೆಗಳನ್ನು ರಚಿಸಿದನು. ಅವು ಇಗರ್ಜಿಯ ಪೆಟ್ಟಿಗೆಯಲ್ಲಿ ದೊರೆತುವೆಂದು ಹೇಳಿದನು. ಊರಿನ ಹಿರಿಯರು ನಂಬಿದರು. 1769ರಲ್ಲಿ ಲಂಡನ್ನಿನ ಹೊರೇಸ್ ವಾಲ್ಪೋಲನಿಗೆ ಕೆಲವನ್ನು ಕಳುಹಿದಾಗ ಆತನು ಮೊದಲು ಮೆಚ್ಚಿದನು. ಅನಂತರ, ಬರೆದವನು ಬಡ ಗುಮಾಸ್ತೆಯೆಂದೂ ಪದ್ಯಗಳು ಪ್ರಾಚೀನವಲ್ಲವೆಂದೂ ತಿಳಿದು ಕೈಬಿಟ್ಟನು. 1770ರ ಏಪ್ರಿಲಿನಲ್ಲಿ ಚಾಟರ್ಟನ್ ಬರಹದಿಂದಲೇ ಬದುಕುವೆನೆಂದು ಲಂಡನ್ನಿಗೆ ಹೋದನು. ಆಗಸ್ಟ್ 24ರಂದು ಬಾಡಿಗೆಯ ಅಟ್ಟದ ಕೋಣೆಯಲ್ಲಿ, ಸಂಖಪಾಷಾಣದ ವಿಷದಿಂದ ಸತ್ತನು. ವಯಸ್ಸು ಹದಿನೇಳು. ಅದು ಆತ್ಮಹತ್ಯೆಯೆಂದೇ ಬಹುಕಾಲ ನಂಬಲಾಗಿತ್ತು. ಔಷಧವೆಂದು ಸೇವಿಸಿದುದೇ ಮುಳುವಾಯಿತೆಂದು ಈಚಿನ ಕೆಲವು ವಿದ್ವಾಂಸರ ಅಭಿಪ್ರಾಯ.

ಚಾಟರ್ಟನ್ನನನ್ನು ಬರಿಯ ಮೋಸಗಾರನೆಂದು ಕರೆಯುವುದು ಸುಲಭ. ನನಗೆ ತೋರುವುದು ಬೇರೆ. ಗತಿಸಿದ ಸನ್ಯಾಸಿಯ ಕಾವ್ಯಕ್ಕೆ ಕಿವಿಗೊಟ್ಟ ಊರು ಧರ್ಮಾರ್ಥ ಶಾಲೆಯ ಹುಡುಗನ ಕಾವ್ಯಕ್ಕೆ ಕಿವಿಗೊಡುತ್ತಿರಲಿಲ್ಲ. ಇದನ್ನು ಅವನು ಚೆನ್ನಾಗಿ ಅರಿತಿದ್ದನು.

ಬಡವರ ಪ್ರತಿಭೆಗೆ ಒದಗಿದ ಇನ್ನೊಂದು ಬಗೆಯ ಕಷ್ಟವನ್ನು ಆನ್ ಯರ್ಸ್‌ಲಿಯ ಬಾಳಿನಲ್ಲಿ ಕಾಣುತ್ತೇವೆ. ಈಕೆ ಬ್ರಿಸ್ಟಲಿಗೆ ಹೊಂದಿದ ಕ್ಲಿಫ್ಟನ್ನಿನಲ್ಲಿ ಹಾಲು ಮಾರುತ್ತಿದ್ದ ಹೆಂಗಸು. ಪ್ರಸಿದ್ಧ ಲೇಖಕಿ ಹ್ಯಾನ ಮೋರ್ ಈಕೆಯ ಪದ್ಯಗಳನ್ನು ಕಂಡು, ಸಾವಿರಕ್ಕೂ ಹೆಚ್ಚು ಮಂದಿ ಚಂದಾದಾರರನ್ನು ಕೂಡಿಸಿ 1785ರಲ್ಲಿ ಪುಸ್ತಕವನ್ನು ಹೊರತರಿಸಿದಳು. ಆದರೆ ಬಂದ ಹಣವನ್ನು ಬರೆದವಳ ಕೈಗೆ ಕೊಡದೆ ಟ್ರಸ್ಟಿನಲ್ಲಿ ಇರಿಸಿದಳು. ತನ್ನ ದುಡಿಮೆಯ ಫಲದ ಮೇಲೆ ತನಗೇ ಅಧಿಕಾರವಿಲ್ಲವೆಂಬುದನ್ನು ಯರ್ಸ್‌ಲಿ ಒಪ್ಪಲಿಲ್ಲ. ಇಬ್ಬರಿಗೂ ವಿರಸವಾಯಿತು. ಆದರೂ 1788ರಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಗುಲಾಮಗಿರಿಯನ್ನು ಖಂಡಿಸಿ ಕಾವ್ಯ ಬರೆದರೆಂಬುದು ಗಮನಾರ್ಹ. ಮುಂದೆ ಯರ್ಸ್‌ಲಿ ಪುಸ್ತಕಗಳನ್ನು ಎರವಲು ಕೊಡುವ ಗ್ರಂಥಾಲಯವೊಂದನ್ನು ತಾನೇ ತೆರೆದು ನಡೆಸಿದಳು.

ಚಾಟರ್ಟನ್ ಸತ್ತು ಇಪ್ಪತ್ತೈದು ವರ್ಷಗಳಾದಾಗ ಇಬ್ಬರು ತರುಣ ಕವಿಗಳು ಬ್ರಿಸ್ಟಲಿನಲ್ಲಿ ಒಟ್ಟಿಗೆ ವಾಸವಾಗಿದ್ದರು. ಒಬ್ಬನು ಅದೇ ಊರಿನಲ್ಲಿ 1774ರಲ್ಲಿ ಹುಟ್ಟಿದ ರಾಬರ್ಟ್ ಸೌದಿ. ಇನ್ನೊಬ್ಬನು ಸ್ಯಾಮ್ಯುಅಲ್ ಟೇಲರ್ ಕೋಲ್‌ರಿಜ್. ಚಾಟರ್ಟನ್ನನ ಮರಣವನ್ನು ಕುರಿತು ಕೋಲ್‌ರಿಜ್ ಶಾಲಾಬಾಲಕನಾಗಿದ್ದಾಗಲೇ ಕವಿತೆ ಬರೆಯತೊಡಗಿದ್ದನು. 1795ರಲ್ಲಿ ಇವರಿಬ್ಬರೂ ಫ್ರಿಕರ್ ಮನೆತನದ ಅಕ್ಕತಂಗಿಯರನ್ನು ಮದುವೆಯಾದುದು ಅದೇ ರೆಡ್‌ಕ್ಲಿಫ್ ಇಗರ್ಜಿಯಲ್ಲಿ. ಅದೇ ವರ್ಷ ಜೂನ್ ತಿಂಗಳಲ್ಲಿ ಬಂದರುಕಟ್ಟೆಯ ಕಾಫಿಮನೆಯೊಂದರಲ್ಲಿ ಕೋಲ್‌ರಿಜ್ ಗುಲಾಮರ ವ್ಯಾಪಾರದ ವಿರುದ್ಧ ಉಪನ್ಯಾಸ ಮಾಡಿದನು. ಆ ವ್ಯಾಪಾರದಿಂದಲೇ ಬೆಳೆದ ಊರಿನಲ್ಲಿ ಹಾಗೆ ನುಡಿಯುವುದಕ್ಕೆ ಎದೆಗಾರಿಕೆ ಬೇಕಾಗಿತ್ತು. ಕಿಂಗ್ ಸ್ಟ್ರೀಟಿನ ಗ್ರಂಥಾಲಯದಿಂದ ಇವರಿಬ್ಬರೂ ಯಾವ ಯಾವ ಪುಸ್ತಕಗಳನ್ನು ಒಯ್ದಿದ್ದರೆಂಬುದನ್ನು ತಿಳಿಸುವ ದಾಖಲೆಗಳು ಈಗಲೂ ಉಳಿದಿವೆ.

ಇವರಿಗೆ ಆಸರೆಯಾದವನು ಜೋಸೆಫ್ ಕಾಟಲ್ ಎಂಬ ಪುಸ್ತಕವ್ಯಾಪಾರಿ. ಆತನಿಗೂ ಆಗ ಎಳೆಯ ವಯಸ್ಸೇ. ಕೋಲ್‌ರಿಜನ ಕವಿತೆಗಳಿಗೆ ಮೂವತ್ತು ಗಿನಿಗಳನ್ನು ಕೊಡಲು ಒಪ್ಪಿ, 1796ರಲ್ಲಿ ಅವುಗಳನ್ನು ಪ್ರಕಟಿಸಿದನು. 1798ರ ಜುಲೈಯಲ್ಲಿ ವಿಲಿಯಂ ವರ್ಡ್ಸ್‌ವರ್ತ್ ತಂಗಿಯೊಡನೆ ವೈ ನದಿಯ ಕಣಿವೆಯಲ್ಲಿ ನಡೆದುಬರುತ್ತ ಮನಸ್ಸಿನಲ್ಲೇ ಕಟ್ಟಿದ ಟಿಂಟರ್ನ್ ಅಬೆಯ ಕವಿತೆಯನ್ನು ಬರೆದಿಟ್ಟುದು ಬ್ರಿಸ್ಟಲ್ ತಲಪಿದ ಮೇಲೆಯೇ. ಆ ವರ್ಷವೇ ಕಾಟಲ್ ಅಚ್ಚುಹಾಕಿಸಿದ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಕೊನೆಯ ಕವಿತೆ ಅದು. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಇಬ್ಬರೂ ಕೂಡಿ ರಚಿಸಿದ ಆ ಪುಸ್ತಕದ ಮೇಲೆ ಯಾರ ಹೆಸರೂ ಇರಲಿಲ್ಲ. ಮಾರಾಟವೂ ನಿಧಾನ. ಕಾಟಲ್ ತನ್ನ ಹಕ್ಕುಗಳನ್ನೆಲ್ಲ ಲಂಡನ್ನಿನ ಪ್ರಕಾಶಕನಿಗೆ ಮಾರಿದಾಗ, ಇದೊಂದಕ್ಕೆ ಬೆಲೆಯೇ ಇಲ್ಲವೆಂದು ಲೆಕ್ಕ ಕಟ್ಟಿದರಂತೆ. ಆತನು ಅದರ ಹಕ್ಕನ್ನು ಕೇಳಿ ಪಡೆದು ಕವಿಗೇ ಹಿಂದಿರುಗಿಸಿದನು.

ಜನರು ನಿಜವಾಗಿ ಆಡುವ ಮಾತಿನಲ್ಲಿ ಕಾವ್ಯ ಹುಟ್ಟಬೇಕೆಂದು ಆ ಪುಸ್ತಕದ 1800ನೆಯ ಇಸವಿಯ ಮುನ್ನುಡಿಯಲ್ಲಿ ವರ್ಡ್ಸ್‌ವರ್ತ್ ವಾದಿಸಿದನು. ಹೀಗೆ ಮೊದಲಾದ ರಮ್ಯ ಸಂಪ್ರದಾಯವು ಒಂದು ಶತಮಾನ ಕಳೆದ ಮೇಲೆ ನಮ್ಮ ನುಡಿಯನ್ನೂ ಮುಟ್ಟಿತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಗಿ ಕನ್ನಡದ ನವೋದಯಕ್ಕೆ ನೆರವಾದುದನ್ನು ಎಲ್ಲರೂ ಬಲ್ಲರು.

1803ರಲ್ಲಿ ಸೌದಿ ಮತ್ತು ಕಾಟಲ್ ಕೂಡಿ ಚಾಟರ್ಟನ್ನನ ಸಮಗ್ರ ಕೃತಿಗಳನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಅದರ ಲಾಭ ಬಡತನದಲ್ಲಿ ಬದುಕುಳಿದಿದ್ದ ಅವನ ಅಕ್ಕನಿಗೆ ಸಲ್ಲಬೇಕೆಂಬುದು ಅವರ ಉದ್ದೇಶ. ಊರಿನ ಹುಡುಗನಿಗೆ ಊರು ಸಲ್ಲಿಸಿದ ಋಣ ಇದು. ಮೂವತ್ತಮೂರು ವರ್ಷ ತಡವಾಗಿ.

ಚಾಟರ್ಟನ್ನನಿಗೂ ಕೋಲ್‌ರಿಜನಿಗೂ ನಡುವೆ ಇದ್ದ ವ್ಯತ್ಯಾಸ ಪ್ರತಿಭೆಯದಲ್ಲ. ಒಬ್ಬನಿಗೆ ಪುಸ್ತಕ ಕೊಡುವ ಗ್ರಂಥಾಲಯ, ಓದಿ ಹೇಳುವ ಗೆಳೆಯ, ನಷ್ಟಕ್ಕೆ ಅಂಜದ ಮುದ್ರಕ ದೊರೆತರು. ಇನ್ನೊಬ್ಬನಿಗೆ ಹಳೆಯ ಪೆಟ್ಟಿಗೆಯೊಂದೇ ದೊರೆಯಿತು. ಐವತ್ತು ವರ್ಷಗಳನ್ನು ತುಂಬಿದ ಈ ಗಡಿನಾಡಿನ ಕನ್ನಡ ಶಾಲೆಯಲ್ಲಿಯೂ ಪುಸ್ತಕದ ಬೀರುಗಳಿವೆ, ಮಕ್ಕಳ ಕೈಬರಹದ ಪತ್ರಿಕೆಗಳಿವೆ. ಹಿಂದಿನ ಬೆಂಚಿನಲ್ಲಿ ಕುಳಿತು ಗುಟ್ಟಾಗಿ ಬರೆಯುವ ಮಗುವು ತನ್ನ ಹೆಸರನ್ನೇ ಹಾಕಿ ತಂದು ತೋರಿಸುವಂತಾಗಲಿ. ಓದುವುದಕ್ಕೆ ನಮಗೆ ಬಿಡುವಿರಲಿ.