ಉಂಡ ಅನ್ನ ಮತ್ತು ಹರಿಯುವ ರಕ್ತ

ನಾನು ಬಾಲಕನಾಗಿದ್ದಾಗ ಹೊನ್ನಾವರದ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಇನ್ನೂ ನೆನಪಿನಲ್ಲಿದೆ. ಹಬ್ಬದ ದಿನ ಹೊಟ್ಟೆತುಂಬ ಅನ್ನ, ಪಾಯಸ ಉಂಡು ಎದ್ದ ಅಜ್ಜ ಕಣ್ಣು ಕತ್ತಲೆಗಟ್ಟಿ ನೆಲಕ್ಕೆ ಕುಸಿದರು. ದೃಷ್ಟಿ ತಾಗಿತೆಂದು ಮನೆಯವರು ನಿವಾಳಿಸಿ ತೆಗೆದರು. ಊಟಕ್ಕೂ ರಕ್ತದ ಹರಿವಿಗೂ ಇರುವ ನಂಟನ್ನು ಅಂದು ನಮ್ಮಲ್ಲಿ ಯಾರೂ ಅರಿತಿರಲಿಲ್ಲ.

ಈ ನಂಟನ್ನು ತಿಳಿಯಲು ನೆರೆಯ ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳನ್ನು ನೆನೆಯೋಣ. ಅಘನಾಶಿನಿಯು ಕಡಲನ್ನು ಸೇರುವೆಡೆಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವ ಗದ್ದೆಗಳಿವು. ಇವುಗಳ ಕಟ್ಟೆಯಲ್ಲಿರುವ ಹಲಗೆಯ ಬಾಗಿಲುಗಳು ನೀರನ್ನು ಬೇಕಾದಾಗ ಒಳಬಿಡುತ್ತವೆ, ಬೇಡವಾದಾಗ ತಡೆಯುತ್ತವೆ. ನಮ್ಮ ಕರುಳಿನ ಕಿರು ಅಪಧಮನಿಗಳೂ ಇಂತಹ ಬಾಗಿಲುಗಳೇ. ಅವುಗಳ ಗೋಡೆಯ ಸ್ನಾಯು ಸಡಿಲಗೊಂಡರೆ ರಕ್ತ ಹೆಚ್ಚು ಹರಿಯುತ್ತದೆ, ಬಿಗಿದುಕೊಂಡರೆ ಕಡಿಮೆಯಾಗುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಜಠರ, ಕರುಳು, ಯಕೃತ್ತು ಮೊದಲಾದ ಅಂಗಗಳಿಗೆ ಸಲ್ಲುತ್ತದೆ. ಊಟದ ಬಳಿಕ ಸಣ್ಣ ಕರುಳಿನ ಮುಖ್ಯ ಅಪಧಮನಿಯಲ್ಲಿ ಹರಿವು ಇಮ್ಮಡಿಯಾಗಬಹುದು. 2ರಿಂದ 4 ಗಂಟೆಗಳಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ.

ಈ ಬಾಗಿಲನ್ನು ತೆರೆಯುವವರು ಯಾರು? ಮುಖ್ಯವಾಗಿ ಜೀರ್ಣಗೊಂಡ ಆಹಾರದ ಪೋಷಕಾಂಶಗಳೇ! ಗ್ಲೂಕೋಸು, ಅಮೈನೋ ಆಮ್ಲ, ಕೊಬ್ಬಿನ ಆಮ್ಲಗಳನ್ನು ಹೀರಿಕೊಳ್ಳಲು ಕರುಳಿನ ಒಳಪದರದ ಕೋಶಗಳು ದುಡಿಯಬೇಕು. ದುಡಿಮೆಗೆ ಆಮ್ಲಜನಕ ಬೇಕು. ಆಮ್ಲಜನಕ ಕಡಿಮೆಯಾದಂತೆ ಅಡೆನೋಸಿನ್‌ನಂತಹ ವಸ್ತುಗಳು ಉಂಟಾಗಿ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಕರುಳಿನ ಹಾರ್ಮೋನುಗಳೂ ನೆರವಾಗುತ್ತವೆ.

ಎಲ್ಲ ಪೋಷಕಾಂಶಗಳ ನಡೆ ಒಂದೇ ತೆರನಲ್ಲ. ಕುಮಟಾದ ಕಗ್ಗದ ಅಕ್ಕಿಯ ಗಂಜಿಯಲ್ಲಿರುವುದು ಹೆಚ್ಚಾಗಿ ಪಿಷ್ಟ. ಅದು ಬೇಗನೆ ಗ್ಲೂಕೋಸಾಗಿ ರಕ್ತದ ಹರಿವನ್ನು ಬೇಗ ಏರಿಸುತ್ತದೆ. ಹೊನ್ನಾವರದ ಬಂಗುಡೆ ಸಾರಿನಲ್ಲಿರುವ ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆಯಬೇಕು. ಭಟ್ಕಳದ ಬಿರಿಯಾನಿಯಲ್ಲಿರುವ ಕೊಬ್ಬು ಪಿತ್ತರಸದೊಡನೆ ಬೆರೆತು ಕರಗಬೇಕು. ಆದುದರಿಂದ ಅದರ ಪ್ರಭಾವ ತಡವಾಗಿ ತೊಡಗಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಉಂಡ ಮೇಲೆ ಮಿದುಳಿನ ರಕ್ತವೆಲ್ಲ ಹೊಟ್ಟೆಗೆ ಇಳಿಯುವುದರಿಂದಲೇ ನಿದ್ದೆ ಬರುತ್ತದೆಂದು ಹಲವರು ಹೇಳುವುದುಂಟು. ಇದು ಸರಿಯಲ್ಲ. ಆರೋಗ್ಯವಂತರಲ್ಲಿ ಹೃದಯವು ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಬೇರೆಡೆಯ ರಕ್ತನಾಳಗಳು ತುಸು ಬಿಗಿದುಕೊಳ್ಳುತ್ತವೆ. ಹೀಗಾಗಿ ರಕ್ತದ ಒತ್ತಡ ಉಳಿಯುತ್ತದೆ, ಮಿದುಳಿನ ಪಾಲೂ ಉಳಿಯುತ್ತದೆ.

ಆದರೆ ಕೆಲವು ವೃದ್ಧರಲ್ಲಿ ಈ ಹೊಂದಾಣಿಕೆ ಸಾಲದೆ ಹೋಗುತ್ತದೆ. ಊಟವಾದ 2 ಗಂಟೆಗಳೊಳಗೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು; ಬಿದ್ದು ಎಲುಬು ಮುರಿಯಲೂಬಹುದು. ಪಿಷ್ಟ, ಸಕ್ಕರೆಗಳು ತುಂಬಿದ ದೊಡ್ಡ ಊಟದ ನಂತರ ಇದು ಹೆಚ್ಚು. ಅಂಥವರು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು, ಸಿಹಿಯನ್ನು ಮಿತಗೊಳಿಸುವುದು, ಉಂಡ ಮೇಲೆ ತುಸು ಹೊತ್ತು ಕುಳಿತು ನಿಧಾನವಾಗಿ ಏಳುವುದು ಒಳ್ಳೆಯದು. ತಲೆಸುತ್ತು ಮರುಕಳಿಸಿದರೆ ವೈದ್ಯರನ್ನು ಕಾಣಲೇಬೇಕು.

ಅಜ್ಜನನ್ನು ಕೆಡವಿದುದು ಯಾರ ದೃಷ್ಟಿಯೂ ಅಲ್ಲ, ಬಹುಶಃ ಇದೇ ಇರಬೇಕೆಂದು ಈಗ ನನಗೆ ತೋರುತ್ತದೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರು ಉಂಡು ಏಳುವಾಗ ಅವರ ಬಳಿ ಇರಿ. ಬೇಕಾದರೆ ಕೈಯಾಸರೆ ಕೊಡಿರಿ.